ಯಾರದೋ ಹಳೆಯ ಧಾಟಿ

ಸಂಗೀತದ ಟೀಚರಿಗೆ ಆ ಮಧ್ಯಾಹ್ನ ಉಳಿದಿದ್ದ ಕೆಲಸ ಒಂದೇ, ಒಂದು ಸಹಿ. ಬರುವ ವರ್ಷದಿಂದ ಸಂಗೀತದ ಪೀರಿಯಡ್ ನಿಲ್ಲಿಸಿ, ನನ್ನನ್ನು ಲೈಬ್ರರಿಗೆ ಹಾಕಿ ಎಂದು ಅವರೇ ಕೇಳಿಕೊಂಡಂತೆ ಹೆಡ್‌ಮೇಡಂ ಪತ್ರ ಟೈಪು ಮಾಡಿಸಿ ಕೊಟ್ಟಿದ್ದರು. ಸಂಜೆಯೊಳಗೆ ಬೇಕು ಎಂದಿದ್ದರು. ಸಹಿ ಹಾಕದಿದ್ದರೆ ಜಗಳವಾಡಬೇಕು. ಜಗಳಕ್ಕೆ ಟೀಚರಲ್ಲಿ ತ್ರಾಣವಿರಲಿಲ್ಲ. ಇಪ್ಪತ್ತೆರಡು ವರ್ಷ ಕೋಣನ ಮುಂದೆ ಕಿನ್ನರಿ ಬಾರಿಸಿದ್ದಾಯಿತು, ಇನ್ನು ಪುಸ್ತಕದ ಧೂಳಾದರೂ ಒರೆಸೋಣ ಎಂದುಕೊಂಡಿದ್ದರು. ಕೋಣ ಅಂದರೆ ಮಕ್ಕಳಲ್ಲ ಬಿಡಿ. ಗಣಿತದ ಪಾಠ ಹಿಂದೆ ಬಿತ್ತೆಂದರೆ ಸಂಗೀತದ ಪೀರಿಯಡ್ಡಿಗೇ ಕೈ ಹಾಕುವ ದೊಡ್ಡವರು.

ಪತ್ರದ ಮೇಲೆ ಶೂ ಡಬ್ಬಿಗಳು ಕೂತಿದ್ದವು. ಡಬ್ಬಿಗಳ ಉಪಾಯ ಟೀಚರದ್ದೇ. ಪ್ರತಿ ವರ್ಷ ಏಳನೆಯ ತರಗತಿಯವರು ಒಬ್ಬೊಬ್ಬ ಸಂಗೀತಗಾರರ ಬದುಕನ್ನು ಒಂದೊಂದು ಡಬ್ಬಿಯಲ್ಲಿ ತುಂಬಿ ತರಬೇಕು. ಪುಸ್ತಕ ನೋಡಿ ಬರೆಯುವಂತಿಲ್ಲ, ನಾಲ್ಕು ಜನರನ್ನು ಕೇಳಿ ಬರಬೇಕು. ಮುಚ್ಚಳಕ್ಕೆ ಅಂಟಿಸುವ ಚೀಟಿಯಲ್ಲಿ ಮೂರು ಪ್ರಶ್ನೆ: ಯಾರು, ಏನು ಕಟ್ಟಿದರು, ಆಮೇಲೆ ಏನು ಕಟ್ಟಿದರು. ಕಿವುಡಾದ ಸಂಗೀತಗಾರನಿಗೆ ಒಬ್ಬ ಹುಡುಗ ಡಬ್ಬಿಯ ತುಂಬ ಹತ್ತಿ ತುರುಕಿದ್ದ. ನಡೆದೇ ಪಾಠಕ್ಕೆ ಹೋಗುತ್ತಿದ್ದವನಿಗೆ ಇನ್ನೊಬ್ಬ ತನ್ನಪ್ಪನ ಹಳೇ ಚಪ್ಪಲಿ ಇಟ್ಟಿದ್ದ. ಆ ಮುಚ್ಚಳ ತೆಗೆಯಲು ಗುಂಡಿಗೆ ಬೇಕಿತ್ತು.

ಕೊನೆಯ ಡಬ್ಬಿ ತಂದವಳು ‘ಪ್ರಶ್ನೆಪತ್ರಿಕೆ’. ಬಾಯಿ ಬಿಟ್ಟರೆ ಪ್ರಶ್ನೆ, ಅದಕ್ಕೇ ಆ ಹೆಸರು. ಡಬ್ಬಿಯಲ್ಲಿ ಇದ್ದದ್ದು ಒಂದು ಉದ್ದನೆಯ ಪಟ್ಟಿ ಮಾತ್ರ. ಅವಳ ಚಿಕ್ಕಮ್ಮ, ಔಷಧಿ ಅಂಗಡಿಯವರು, ಬಸ್ ಕಂಡಕ್ಟರ್, ಹೀಗೆ ಮೂವತ್ತೊಂದು ಜನ.

ಶಾಲೆ ಶುರುವಾದ ವಾರ ಟೀಚರ್ ಎಲ್ಲರಿಗೂ ಮೊದಲು ಒಂದು ಧಾಟಿ ಕಲಿಸುತ್ತಿದ್ದರು. ಯಾರದೋ ಹಳೆಯದು, ಕಟ್ಟಿದವರ ಹೆಸರು ಗೊತ್ತಿಲ್ಲ ಎನ್ನುತ್ತಿದ್ದರು. ಅದು ಸುಳ್ಳು. ಕೆಲಸಕ್ಕೆ ಸೇರಿದ ವರ್ಷ ಬಸ್ಸಿಗೆ ಕಾಯುತ್ತ ಅವರೇ ಕಟ್ಟಿದ್ದು. ನನ್ನದು ಎಂದರೆ ಸ್ಟಾಫ್ ರೂಮಿನಲ್ಲಿ ನಗುತ್ತಾರೆಂದು ಹೆದರಿದ್ದರು. ಒಮ್ಮೆ ಹೇಳಿದ ಸುಳ್ಳು ಆಮೇಲೆ ರೂಢಿಯೇ ಆಗಿಹೋಯಿತು.

ಹುಡುಗಿ ಪಟ್ಟಿ ತೋರಿಸಿದಳು. “ಆ ಧಾಟಿ ಬರೋರು ಇವರೆಲ್ಲ, ನಿಮ್ಮ ಹತ್ರಾನೇ ಕಲ್ತಿದ್ದು ಮೇಡಂ. ನೀವು ಬರೋಕ್ಕಿಂತ ಮುಂಚೆ ಇಲ್ಲಿ ಓದಿದೋರಿಗೆ ಯಾರಿಗೂ ಇದು ಬರಲ್ಲ. ನೀವೇ ಅಲ್ವಾ ಕಟ್ಟಿದ್ದು?”

ಟೀಚರಿಗೆ ಕದ್ದು ಸಿಕ್ಕಿಬಿದ್ದಷ್ಟು ನಾಚಿಕೆಯಾಯಿತು. ಅದರ ಬೆನ್ನಿಗೇ ಅಳು ಬರುವಷ್ಟು ಸಂತೋಷವೂ ಆಯಿತು. ಹೌದು ಎಂದರು.

“ಹಾಗಾದ್ರೆ ಕೊನೇ ಪ್ರಶ್ನೆಗೆ ಏನು ಬರೀಲಿ? ಆಮೇಲೆ ಏನೇನು ಕಟ್ಟಿದ್ರಿ?”

ಸಂತೋಷ ಅಲ್ಲಿಗೇ ಇಳಿಯಿತು. ಸಹಿಗೆಂದು ತೆಗೆದಿಟ್ಟಿದ್ದ ಪೆನ್ನನ್ನೇ ಎತ್ತಿಕೊಂಡು, ಚೀಟಿಯಲ್ಲಿ ತಾವೇ ಬರೆದರು: ಇಪ್ಪತ್ತೆರಡು ವರ್ಷ ಏನೂ ಇಲ್ಲ.

ಹುಡುಗಿ ಓದಿ, ಚೀಟಿ ಅಂಟಿಸಲು ಗೋಂದಿನ ಬಾಟಲಿ ತೆಗೆದಳು.

“ಈಗಲೇ ಅಂಟಿಸ್ಬೇಡ. ಕೆಳಗೆ ಜಾಗ ಇದೆ, ಇನ್ನೊಂದು ಸಾಲು ಬರೀಬೇಕಾಗ್ಬಹುದು,” ಎಂದರು ಟೀಚರ್.

ಸಂಜೆ ಬೆಲ್ ಹೊಡೆದಾಗಲೂ ಪತ್ರ ಸಹಿಯಿಲ್ಲದೆ ಡಬ್ಬಿಗಳ ಅಡಿಯಲ್ಲೇ ಇತ್ತು.