ರಜೆಯ ದಿನದ ನಕ್ಷೆ

ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದ ನಾನು ನನ್ನ ಊರಿನ ನಕ್ಷೆಯನ್ನೇ ಕೆಡಿಸಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ಬೇರೆಯವರ ಮೇಲೆ ರೇಗಲು ಅನುಕೂಲ.

ಕಲಬುರಗಿಯ ಹಳೆ ಪೇಟೆಗೊಂದು 'ಮುನ್ನೋಟ' ಬೇಕೆಂದು ಸಮಿತಿಯಾಯಿತು. ಖೂಬಾ ಪ್ಲಾಟ್ ಬಡಾವಣೆಯ ಮನೆಯಲ್ಲಿ ಪೇಪರು ಓದಿ ಗೊಣಗುತ್ತಿದ್ದ ಈ ನಿವೃತ್ತ ಮಾಸ್ತರನನ್ನೂ ಸೇರಿಸಿಕೊಂಡರು. ಹಿಗ್ಗಿಹೋದೆ. ಇಸ್ತ್ರಿ ಅಂಗಿ ತೊಟ್ಟು ಮೊದಲ ಸಭೆಗೆ ಅರ್ಧ ಗಂಟೆ ಮುಂಚೆಯೇ ಹೋಗಿ ಕೂತೆ. ಪೇಟೆ ಅಳೆಯಲು ಹೊರಗಿನಿಂದ ಬಂದ ಇಂಜಿನಿಯರು ಇಷ್ಟು ಗದ್ದಲದಲ್ಲಿ ಟೇಪು ಹಿಡಿಯುವುದು ಹೇಗೆಂದು ತಲೆ ಕೆರೆದುಕೊಂಡರು. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಬಜಾರ ಬಂದ್ ಇರೋ ದಿನ ಬರ್ರಿ. ಆರಾಮ ಅಳೀಬಹುದು" ಎಂದೆ. ಎಲ್ಲರೂ ತಲೆದೂಗಿದರು.

ಕೆಲವು ವಾರಗಳಲ್ಲಿ ಬಣ್ಣಬಣ್ಣದ ನಕ್ಷೆ ಬಂತು. ಬಟ್ಟೆ ಅಂಗಡಿಯ ಮುಂದಿನ ಕಲ್ಲುಕಟ್ಟೆ ಮಾಯವಾಗಿ ಅಲ್ಲೊಂದು ನೀಲಿ ಕಾರಂಜಿ ಚಿಮ್ಮುತ್ತಿತ್ತು. ಬೇಸಿಗೆಯಲ್ಲಿ ನಲ್ಲಿಗೇ ನೀರು ಬಾರದ ಊರಿಗೆ ಕಾರಂಜಿ! ಕೆಳಗೆ ಟಿಪ್ಪಣಿ: 'ಬಳಕೆಯಿಲ್ಲದ ಜಾಗ.' ಮೈಯೆಲ್ಲ ಉರಿಯಿತು.

ಆ ಕಟ್ಟೆಯ ಪದ್ಧತಿ ಪೇಟೆಗೆಲ್ಲ ಗೊತ್ತು. ಅಂಗಡಿ ತೆರೆಯುವವರೆಗೆ ಅದು ಕಮಲಾಪುರದ ನಾಗಮ್ಮನದು. ಮೊದಲ ಬಸ್ಸಿಗೆ ಕೆಂಪು ಬಾಳೆಹಣ್ಣಿನ ಬುಟ್ಟಿ ತಂದು ಕೂರುತ್ತಾಳೆ. ಶಟರ್ ಏರಿದ ಕೂಡಲೇ ಕಟ್ಟೆ ಗುಡಿಸಿ ಎದ್ದುಹೋಗುತ್ತಾಳೆ. ಸಂಜೆ ಅಂಗಡಿ ಮುಚ್ಚಿದರೆ ಅಲ್ಲಿ ಮೋಮಿನಪುರದ ರಫೀಕ್ ಸಾಹೇಬರ ಅತ್ತರಿನ ಪೆಟ್ಟಿಗೆ ಬಂದು ಕೂರುತ್ತದೆ. ಯಾರೂ ಯಾರಿಗೂ ಏನನ್ನೂ ಬರೆದುಕೊಟ್ಟಿಲ್ಲ. ಕಟ್ಟೆಯ ಎತ್ತರ ನೋಡಿದರೆ, ತಲೆಹೊರೆಯವರು ಇನ್ನೊಬ್ಬರ ಕೈ ಕಾಯದೆ ಬುಟ್ಟಿ ಇಳಿಸಲೆಂದೇ ಹಿಂದಿನವರು ಕಟ್ಟಿಸಿದ್ದಾರೆ ಅನ್ನಿಸುತ್ತದೆ. ಇದಕ್ಕೆ ನನ್ನಲ್ಲಿ ಪುರಾವೆಯಿಲ್ಲ, ಸೊಂಟನೋವಿನ ಅನುಭವವಿದೆ.

ಸಭೆಯಲ್ಲಿ ಕೂಗಾಡಿದೆ. ಅಧ್ಯಕ್ಷರು ತಣ್ಣಗೆ, "ಅಳತಿ ದಿನ ತಗದ ಫೋಟೋ ನೋಡ್ರಿ ಮಾಸ್ತರ. ಒಬ್ಬರರೆ ಅದಾರೇನು?" ಎಂದರು. ಇರಲಿಲ್ಲ. ಒಂದು ನಾಯಿ ಮಲಗಿತ್ತು, ಅಷ್ಟೇ. ಬೇಕಿದ್ದರೆ ವಾರದೊಳಗೆ ಆಕ್ಷೇಪಣೆ ಬರೆದುಕೊಡಿ ಎಂದರು.

ಮರುದಿನ ಬೆಳಿಗ್ಗೆ ನಕ್ಷೆಯನ್ನು ನಾಗಮ್ಮನ ಮುಂದೆ ಹಾಸಿದೆ.

"ಇದರಾಗ ನಾ ಎಲ್ಲಿ ಕುಂತೀನ್ರಿ, ಮಾಸ್ತರ್ರ?"

"ನೀ ಇಲ್ಲವ್ವ. ಬಜಾರ ಬಂದ್ ಇದ್ದ ದಿನ ಅಳದಾರ."

"ಬಂದ್ ಇದ್ದ ದಿನ ನಾ ಯಾಕ ಬರ್ಲಿ? ಅಷ್ಟೂ ತಿಳೀಲಿಲ್ಲೇನ್ರಿ ಅವರಿಗಿ? ಯಾವ ಶಾಣ್ಯಾ ಹೇಳಿದ್ನೋ ಏನೋ!"

ಆ ಶಾಣ್ಯಾ ಅವಳೇ ಕೊಟ್ಟ ಬಾಳೆಹಣ್ಣು ಸುಲಿಯುತ್ತ ನಿಂತಿದ್ದ. ಆಕೆ ನಕ್ಷೆಯ ನೀಲಿಯನ್ನು ಬೆರಳಿನಿಂದ ಒರೆಸಿ ನೋಡಿದಳು. "ಈ ಕಟ್ಟಿ ಹೋದ್ರ ನಾ ಬುಟ್ಟಿ ಎಲ್ಲಿ ಇಳಸ್ಲಿರಿ?" ಎಂದಳು. ಅರ್ಧ ಸುಲಿದ ಹಣ್ಣನ್ನು ಕಟ್ಟೆಯ ಮೇಲಿಟ್ಟು ನಕ್ಷೆ ಮಡಿಸಿದೆ. ನಾಚಿಕೆಯಾಯಿತು.

ಅಂದೇ ಆಕ್ಷೇಪಣೆ ಬರೆದೆ. ತಪ್ಪು ಯಾರದೆಂದು ಫಾರ್ಮಿನಲ್ಲಿ ಕೇಳಿದ್ದ ಕಡೆ ನನ್ನ ಹೆಸರನ್ನೇ ಗುಂಡಗೆ ಬರೆದೆ. ಗುಮಾಸ್ತ ಎರಡು ಸಲ ಓದಿ ನನ್ನ ಮುಖ ನೋಡಿದ. ಸಮಿತಿಯೂ ಗೊಣಗುತ್ತಲೇ ಮರು ಅಳತೆಗೆ ಒಪ್ಪಿತು.

ನಿನ್ನೆ ಇಂಜಿನಿಯರು ಫೋನು ಮಾಡಿದ್ದರು. "ಯಾವ ದಿನ ಬಂದ್ರೆ ಅನುಕೂಲ, ಸರ್?"

"ಟೇಪ್ ಹಿಡೀಲಿಕ್ಕೆ ಜಾಗಾನೇ ಸಿಗದ ದಿನ ಬರ್ರಿ" ಎಂದೆ. "ಮುಂಜಾನೆ ಬರ್ರಿ, ಮಧ್ಯಾಹ್ನ ಬರ್ರಿ, ಸಂಜಿಗೂ ಬರ್ರಿ."