ಹುಳಕ್ಕೆ ಬಿಟ್ಟ ಬದು

ಇವತ್ತು ಬೆಳಿಗ್ಗೆ ಕೀರೆ ಸೊಪ್ಪಿನ ಕಟ್ಟು ಬಿಚ್ಚುತ್ತಿದ್ದೆ. ಅದರೊಳಗಿಂದ ಒಂದು ಕಪ್ಪು ಹುಳ ಅಡುಗೆಕಟ್ಟೆಯ ಮೇಲೆ ಓಡಿತು. ಹೆಬ್ಬೆರಳಲ್ಲಿ ಮೆಲ್ಲಗೆ ಅದುಮಿ ಹಿಡಿದೆನೋ ಇಲ್ಲವೋ, ಘಾಟು ಮೂಗಿಗೆ ಬಡಿಯಿತು. ಕೆಟ್ಟುಹೋದ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದರೆ ಬರುತ್ತದಲ್ಲ, ಅಂಥದ್ದು. ಅಪ್ಪನ ಹೊಲ ಬಿಟ್ಟು ಬಂದು ಎಷ್ಟು ಕಾಲವಾಗಿದ್ದರೂ ಬಾಯಿಂದ ತಾನಾಗಿ ಬಂತು: "ಥೂ, ಅಪ್ಪನ ಹುಳ!"

ನಿಮ್ಮ ಅಪ್ಪಂದಿರು ಎತ್ತು ಸಾಕಿರಬಹುದು, ನಾಯಿ ಸಾಕಿರಬಹುದು, ಹೆಚ್ಚೆಂದರೆ ಪಾರಿವಾಳ. ನನ್ನಪ್ಪ ಸಾಕಿದ್ದು ಇದನ್ನು. ಅದೂ ಮನೆಯಲ್ಲಿ ಮದುವೆಗೆ ಬಂದ ಮಗಳನ್ನು ಇಟ್ಟುಕೊಂಡು.

ನಮ್ಮದು ಮದುಕ್ಕರೈ ಕಡೆಯ ಹಳ್ಳಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಈ ಕನ್ನಡದ ಅಕ್ಷರಗಳನ್ನು ನಾನು ಕಲಿತದ್ದು ಮದುವೆಯಾದ ಮೇಲೆ, ಹಟಕ್ಕೆ ಬಿದ್ದು. ಹಾಗಾಗಿ ಬದು ಎಂಬ ಮಾತು ನನಗೆ ಪುಸ್ತಕದಿಂದ ಬಂದದ್ದು. ಹೊಲದಂಚಿನ ಆ ಮಣ್ಣಿನ ಏರಿಯನ್ನು ನಾವು ವರಪ್ಪು ಅನ್ನುತ್ತಿದ್ದೆವು. ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ಅದರ ಹುಲ್ಲನ್ನು ಗುದ್ದಲಿಯಿಂದ ಕೆತ್ತಿ ಕೆತ್ತಿ ಬೋಳು ಮಾಡಿಡುವುದೇ ದೊಡ್ಡ ಮರ್ಯಾದೆ. ಹೆಣ್ಣು ನೋಡಲು ಬಂದವರು ನೆಟ್ಟಗೆ ಮನೆಯೊಳಗೆ ಬಂದು ಕೂರುವವರಲ್ಲ. ಬಾವಿ ನೋಡಿ ಬರುತ್ತೇವೆ ಎಂದು ಹೊಲ ಸುತ್ತುತ್ತಿದ್ದರು. ಬಾವಿ ಯಾರಿಗೆ ಬೇಕು? ಕಣ್ಣೆಲ್ಲ ಬದುವಿನ ಮೇಲೆ. ಅದು ಸಾರಿಸಿದ ನೆಲದ ಹಾಗಿದ್ದರೆ ಹುಡುಗಿ ಚುರುಕು, ಹುಲ್ಲು ನಿಂತಿದ್ದರೆ ಮನೆಯವರೆಲ್ಲ ಸೋಮಾರಿಗಳು. ಮುಗಿಯಿತು.

ನಮ್ಮ ಬದುವಿನಲ್ಲಿ ಹುಲ್ಲು ಮೊಣಕಾಲುದ್ದ ಇತ್ತು!

ಎಂಬತ್ತರ ದಶಕದ ಮೊದಲ ವರ್ಷಗಳವು. ಅಪ್ಪನಿಗೆ ಈ ಹುಳದ ಹುಚ್ಚು ಎಲ್ಲಿಂದ ಹತ್ತಿತೋ ಕಾಣೆ. ಸಂಜೆ ಬದುವಿನ ಪಕ್ಕ ಕುಕ್ಕರಗಾಲಲ್ಲಿ ಕೂತು ನೆಲ ನೋಡುತ್ತಿದ್ದ. ಕರೆದರೆ ಏಳುತ್ತಿರಲಿಲ್ಲ, ಕಾಫಿ ಆರಿಹೋಗುತ್ತಿತ್ತು. ಒಂದು ದಿನ ನನ್ನನ್ನೂ ಎಳೆದು ಕೂರಿಸಿದ. ಹುಲ್ಲಿನ ಬುಡದಿಂದ ಕಪ್ಪು ಹುಳಗಳು ಹೊರಟು ಹೊಲಕ್ಕಿಳಿದು, ಉದುರಿ ಬಿದ್ದ ಮುಳ್ಳುಕೀರೆ ಕಳೆಯ ಬೀಜಗಳನ್ನು ಹುಡುಕಿ ಕಚ್ಚಿ ತಿನ್ನುತ್ತಿದ್ದವು. ಒಂದು ಕಲ್ಲು ಎತ್ತಿ ತೋರಿಸಿದ. ಅದರಡಿ ಬರೀ ಬೀಜದ ಸಿಪ್ಪೆ.

"ನೋಡಮ್ಮಿಣಿ, ಒಂದೊಂದು ಬೀಜವೂ ಒಂದೊಂದು ಗಿಡ. ಮೊಳೆಯೋದಕ್ಕೆ ಮುಂಚೆಯೇ ಮುಗಿಸಿಬಿಡ್ತಾವೆ," ಅಂದ. ಅಮ್ಮಿಣಿ ಎಂದರೆ ನಮ್ಮ ಕಡೆ ಮುದ್ದಿನ ಮಗಳು. ಮುದ್ದಿಗೇನೂ ಕೊರತೆ ಇರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಕಾಟ. ಬದು ಕೆತ್ತಬಾರದು, ಹುಳಕ್ಕೆ ಮನೆ ಬೇಕು. ಜೋಳ ಕಟಾವಾದ ಕೂಡಲೇ ಉಳಬಾರದು, ಬೀಜ ಮಣ್ಣಿನಡಿಗೆ ಹೋದರೆ ಹುಳಕ್ಕೆ ಸಿಗುವುದಿಲ್ಲ. ಭೋಗಿ ಹಬ್ಬಕ್ಕೆ ಊರೆಲ್ಲ ಕಸ ಕಡ್ಡಿ ಸುಡುತ್ತಿದ್ದರೆ ಅಪ್ಪ ನೀರಿನ ಕೊಡ ಹಿಡಿದು ನಮ್ಮ ಬದುವಿನ ಮೇಲೆ ಕಾವಲು. ಹುಳಕ್ಕಿಂತ ಅಪ್ಪನನ್ನು ನೋಡಲು ಜನ ನಿಲ್ಲುತ್ತಿದ್ದರು. ನನಗೆ ನೆಲ ಬಿರಿದು ಬಾಯಿ ತೆಗೆದರೆ ಸಾಕು ಅನ್ನಿಸುತ್ತಿತ್ತು.

ಕಳೆ ಕೀಳುತ್ತಿದ್ದವರು ಅಮ್ಮ ಮತ್ತು ನಾನು. ಬದುವಿಗೆ ಹತ್ತಿರದ ಸಾಲುಗಳಲ್ಲಿ ಕೆಲಸ ಬೇಗ ಮುಗಿಯುತ್ತಿತ್ತು, ಅದು ನಿಜ. ನಡುಹೊಲದಲ್ಲಿ ಮಾತ್ರ ಮುಳ್ಳುಕೀರೆ ಕೈ ಕಿತ್ತುಹಾಕುತ್ತಿತ್ತು. ಅಮ್ಮನಿಗೆ ಸೊಂಟ ಹಿಡಿದುಕೊಂಡಿತ್ತು. ಕೂತರೆ ಏಳಲಾಗುತ್ತಿರಲಿಲ್ಲ, ಪ್ರತಿ ಸಾಲಿನ ಕೊನೆಯಲ್ಲೂ ನನ್ನ ಭುಜ ಹಿಡಿದುಕೊಂಡು "ಯಪ್ಪಾ" ಅಂತ ಏಳುತ್ತಿದ್ದಳು. ನನಗೆ ಆ ಬಿಸಿಲು, ಆ ಕುಕ್ಕರಗಾಲು ಸಾಕುಸಾಕಾಗಿತ್ತು. ಮದುವೆ ಬೇಕಿತ್ತು, ನಾಚಿಕೆ ಎಂಥದ್ದು ಇದರಲ್ಲಿ? ಜೊತೆಯ ಹುಡುಗಿಯರೆಲ್ಲ ಗಂಡನ ಮನೆ ಸೇರಿ ಕೂಸಿಗೆ ಜುಟ್ಟು ಕಟ್ಟುತ್ತಿದ್ದರು. ನಾನು ಪ್ಲಸ್ ಟೂ ಪಾಸು ಮಾಡಿ ಮುಳ್ಳುಕೀರೆ ಕೀಳುತ್ತಿದ್ದೆ.

ಮೊದಲ ಸಂಬಂಧದವರು ಬಂದರು, ಹೊಲ ಸುತ್ತಿದರು, ಕಾಫಿಯನ್ನೂ ಪೂರ್ತಿ ಕುಡಿಯದೆ ಹೋದರು. ಎರಡನೆಯವರು ಬದುವಿನಲ್ಲಿ ಹಾವಿದೆಯೇ ಎಂದು ಕೇಳಿದರು. ಅಪ್ಪ ಉತ್ಸಾಹದಿಂದ, "ಹಾವಿಲ್ಲ, ಹುಳ ಇದೆ, ತೋರಿಸಲಾ?" ಅಂದ. ಅವರು ಊರು ತಲುಪುವ ಮೊದಲೇ ಬೇಡವೆಂಬ ಮಾತು ಬಂತು.

ಅವತ್ತು ನಾನು ತಡೆದುಕೊಳ್ಳಲಿಲ್ಲ. "ಏನಪ್ಪಾ ನೀನು, ನನಗೆ ಮದುವೆ ಮಾಡ್ತೀಯೋ, ಹುಳಕ್ಕೆ ಮಾಡ್ತೀಯೋ?"

"ಎರಡೂ ಬೇಕು ಅಮ್ಮಿಣಿ," ಅಂದ. ತಲೆ ಎತ್ತಲೂ ಇಲ್ಲ.

ಮೂರನೆಯವರು ನಾನೀಗ ಇರುವ ಈ ಪೇಟೆಯವರು, ಆರ್.ಎಸ್. ಪುರಂ ಬಡಾವಣೆಯವರು, ನಮ್ಮ ಹಾಗೆಯೇ ಕನ್ನಡದ ಮನೆ, ಬಟ್ಟೆ ವ್ಯಾಪಾರ. ಹುಡುಗನ ಫೋಟೋ ನೋಡಿದ್ದೆ, ಹಿಡಿಸಿದ್ದ. ಈ ಸಲ ಅಮ್ಮ ಅನ್ನ ಬಿಟ್ಟು ಕೂತಳು. ಅಪ್ಪ ಪಟ್ಟು ಸಡಿಲಿಸಿ, ರಸ್ತೆ ಕಡೆಯ ಬದು ಕೆತ್ತಲು ಒಪ್ಪಿದ. ಹಿಂಬದಿಯದನ್ನು ಮುಟ್ಟುವ ಹಾಗಿಲ್ಲ. ಬಂದವರನ್ನು ಈ ಕಡೆಯೇ ಸುತ್ತಿಸಿ ಮನೆಗೆ ಕರೆತರುವುದು ಎಂದು ಮಾತಾಯಿತು.

ಎಲ್ಲ ಸರಿಯಾಗಿಯೇ ನಡೆದಿತ್ತು. ಅಪ್ಪ ಮುಂದೆ ಮುಂದೆ, ಹುಡುಗನ ಕಡೆಯವರು ಹಿಂದೆ. ಅಮ್ಮನೂ ನಾನೂ ಪಂಪ್‌ಸೆಟ್ ಮನೆಯ ಮರೆಯಲ್ಲಿ ನಿಂತು ನೋಡುತ್ತಿದ್ದೆವು. ನೋಡಿದರೆ ಹುಡುಗನ ಅಜ್ಜಿ ಗುಂಪು ಬಿಟ್ಟು, ಕೋಲೂರಿಕೊಂಡು ನೇರ ಹಿಂಬದಿಯ ಹುಲ್ಲಿನ ಕಡೆಗೆ ಹೊರಟಿದ್ದಾರೆ!

"ಹೋಯ್ತು. ಇದೂ ಹೋಯ್ತು," ಅಂದಳು ಅಮ್ಮ.

ಅಜ್ಜಿ ಬದುವಿನಾಚೆ ಇಳಿದು ಕಾಣದಾದರು. ಸ್ವಲ್ಪ ಹೊತ್ತಿಗೆ "ಅಯ್ಯಯ್ಯೋ" ಎಂಬ ಕೂಗು. ಸೀರೆ ಕೊಡವುತ್ತಾ ಬಂದರು. ನೆರಿಗೆಯಲ್ಲಿದ್ದ ಹುಳವನ್ನು ಕಿತ್ತೆಸೆದು ಬೆರಳು ಮೂಸಿ ಮುಖ ಕಿವುಚಿದರು. ಅಪ್ಪ ಓಡಿಬಂದು ಎಸೆದ ಹುಳವನ್ನು ಹುಡುಕತೊಡಗಿದ. ನನಗೆ ಅಲ್ಲೇ ಬಾವಿ ಹಾರಬೇಕು ಅನ್ನಿಸಿತು.

ಅಜ್ಜಿ ನೇರ ನಾವಿದ್ದ ಮರೆಗೆ ಬಂದು ಅಮ್ಮನ ಕೈ ಹಿಡಿದರು. ದನಿ ತಗ್ಗಿಸಿ ಅಂದರು: "ಬೆಳಿಗ್ಗೆಯಿಂದ ತಡ್ಕೊಂಡಿದ್ದೆ ಕಣಮ್ಮಾ. ದಾರಿಯುದ್ದಕ್ಕೂ ನೋಡ್ಕೊಂಡು ಬಂದೆ, ಎಲ್ಲರ ವರಪ್ಪೂ ಬೋಳು. ಹೆಂಗಸರು ಎಲ್ಲಿ ಹೋಗಿ ಕೂರಬೇಕು? ನಿಮ್ಮ ಯಜಮಾನರೊಬ್ಬರಿಗೆ ಆ ಯೋಚನೆ ಬಂದಿದೆ ನೋಡು. ಇಂಥಾ ಮನೆಯಿಂದ ಹೆಣ್ಣು ತರೋಕೆ ಏನು ಯೋಚನೆ?"

ಅಷ್ಟರಲ್ಲಿ ಅಪ್ಪ ಹುಳ ಹಿಡಿದುಕೊಂಡು ಬಂದು, "ಹಾಗಲ್ಲ ದೊಡ್ಡಮ್ಮ, ಅದು ಬಿಟ್ಟಿರೋದು..." ಎಂದು ಶುರುಮಾಡಿದ. ಅಮ್ಮ ಒಮ್ಮೆ ನೋಡಿದಳು, ಅಷ್ಟೇ. ಅಪ್ಪ ಬಾಯಿ ಮುಚ್ಚಿದ. ನನ್ನ ಅಡುಗೆ, ನನ್ನ ಹೊಲಿಗೆ, ನನ್ನ ಪ್ಲಸ್ ಟೂ ಎಲ್ಲ ಮೂಲೆಗೆ ಸೇರಿ, ನನ್ನ ಮದುವೆ ಗೊತ್ತಾದದ್ದು ಹೀಗೆ. ಯಾರ ಮುಂದೆ ಹೇಳಿಕೊಳ್ಳಲಿ?

ವೀಳ್ಯ ಬದಲಾಯಿಸಿ ಅವರು ಹೊರಟ ಮೇಲೆ ಅಪ್ಪನ ಹತ್ತಿರ ಹೋದೆ. ಮತ್ತೆ ಅದೇ ಜಾಗ, ಅದೇ ಕುಕ್ಕರಗಾಲು. "ಇನ್ನಾದರೂ ಕೆತ್ತಿಸಪ್ಪಾ. ಮದುವೆ ದಿನ ನೆಂಟರೆಲ್ಲ ಬರ್ತಾರೆ. ನಿನ್ನ ಹುಳ ಸಾಕು."

"ಇನ್ನು ಮೇಲೇ ಅಲ್ವಾ ಅಮ್ಮಿಣಿ, ಅದು ಬೇಕಾಗೋದು."

"ಯಾಕೆ?"

ಅಪ್ಪ ಹುಲ್ಲು ಸರಿಸಿ ನೋಡುತ್ತಲೇ ಇದ್ದ. "ನೀನು ಹೋದ ಮೇಲೆ ನಿಮ್ಮಮ್ಮ ಯಾರ ಭುಜ ಹಿಡ್ಕೊಂಡು ಏಳ್ತಾಳೆ? ಕಳೆ ಕಮ್ಮಿಯಾದರೆ ಕೂರೋದೂ ಕಮ್ಮಿ, ಏಳೋದೂ ಕಮ್ಮಿ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಈ ಮಾತನ್ನು ಮೊದಲೇ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅಷ್ಟು ಕಾಲ ನಾನು ಬೈದದ್ದನ್ನೆಲ್ಲ ಕೇಳಿಸಿಕೊಂಡು ಸುಮ್ಮನಿದ್ದನಲ್ಲ! ಕೇಳಿಯೂಬಿಟ್ಟೆ.

"ಹೇಳಿದ್ದರೆ ನೀನು ಮದುವೇನೇ ಬೇಡ ಅಂತಿದ್ದೆ," ಅಂದ.

ಅನ್ನುತ್ತಿದ್ದೆನೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಬೆಳಗಿನ ಹುಳವನ್ನು ಲೋಟದಲ್ಲಿ ಮುಚ್ಚಿಕೊಂಡು ಕೆಳಗೆ ಹೋದೆ. ನಮ್ಮ ಅಪಾರ್ಟ್‌ಮೆಂಟಿನ ತೋಟದವನು ಕಾಂಪೌಂಡ್ ಗೋಡೆಯಂಚಿನ ಹುಲ್ಲನ್ನು ನುಣ್ಣಗೆ ಕೆತ್ತುತ್ತಾ ಬರುತ್ತಿದ್ದ. "ಏಯ್, ನಿಲ್ಲಿಸಪ್ಪ! ಈ ಕಡೆ ಮುಟ್ಟಬೇಡ," ಎಂದು ಕೂಗಿದೆ. ನನ್ನ ಗಂಟಲು ನನಗೇ ಹೊಸದಾಗಿ ಕೇಳಿಸಿತು.

"ಯಾಕಮ್ಮಾ?" ಎಂದು ಕೇಳಿದ.

ಹೇಳಬಹುದಿತ್ತು. "ಇರಲಿ ಬಿಡು," ಅಂದೆ. ಅವನು ತಲೆ ಕೆರೆದುಕೊಂಡು ಗುದ್ದಲಿ ಎತ್ತಿಕೊಂಡು ಇನ್ನೊಂದು ಕಡೆಗೆ ಹೋದ.

ಕುಕ್ಕರಗಾಲಲ್ಲಿ ಕೂತು ಹುಳವನ್ನು ಹುಲ್ಲಿಗೆ ಬಿಟ್ಟೆ. ಅದು ತಿರುಗಿಯೂ ನೋಡದೆ ಒಳಗೆ ಸೇರಿಕೊಂಡಿತು. ಏಳಲು ಹೋದರೆ ಸೊಂಟ ಹಿಡಿಯಿತು. ಅಮ್ಮನ ಹಾಗೆಯೇ ಕೈ ಪಕ್ಕಕ್ಕೆ ಚಾಚಿದೆ. ಅಲ್ಲಿ ಯಾರ ಭುಜವೂ ಇರಲಿಲ್ಲ. ಗೋಡೆ ಹಿಡಿದುಕೊಂಡು, ಅಪ್ಪನನ್ನು ಬೈದುಕೊಳ್ಳುತ್ತಾ, ಹೇಗೋ ಎದ್ದೆ.