ನಾನು ಕಟ್ಟಿಹಾಕಿದ ಡೀಸೆಲ್ ಗಾಡಿ

ಶರಣಪ್ಪಣ್ಣ, ನಿಮ್ಮ ಕಾರು ಓಡದಂತೆ ಮಾಡಿದ್ದು ಡೀಸೆಲ್ ಎಂಜಿನ್ ಅಲ್ಲ, ನಾನು. ಎಂಜಿನ್ನಿಗೆ ಡೀಸೆಲ್ ಉಣಿಸುವ ಪಂಪಿನ ಪಕ್ಕದಲ್ಲಿ ವೇಗ ತಡೆಯುವ ಒಂದು ಸ್ಕ್ರೂ ಇರುತ್ತದೆ. ಅದನ್ನು ಒಳಕ್ಕೆ ತಿರುಗಿಸಿ, ತಂತಿ ಬಿಗಿದು, ಮೇಲೆ ನನ್ನ ಗುರುತಿನ ಸೀಸದ ಮುದ್ರೆ ಒತ್ತಿದೆ. ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ. ಹೇಳುವುದಕ್ಕೆ ಮಾತ್ರ ಇಷ್ಟು ವರ್ಷ ಬೇಕಾಯಿತು.

ನೀವು ನನಗೆ ಏನು ಕೆಟ್ಟದ್ದು ಮಾಡಿದ್ದಿರಿ? ಏನೂ ಇಲ್ಲ. ನಾಸಿಕದಲ್ಲಿ ನಾನು ಗ್ಯಾರೇಜ್ ತೆರೆದಾಗ, ನಮ್ಮ ಬೀದರ್ ಕಡೆಯವನು ಎಂದು ಕಂಡಕಂಡ ಡ್ರೈವರುಗಳನ್ನೆಲ್ಲ ನನ್ನ ಬಾಗಿಲಿಗೆ ಕರೆತಂದವರು ನೀವು. ನಾಸಿಕದಿಂದ ಔರಂಗಾಬಾದಿನವರೆಗೆ ನಿಮ್ಮಷ್ಟು ಚೆನ್ನಾಗಿ ಟ್ಯಾಕ್ಸಿ ಓಡಿಸುವವರು ಇರಲಿಲ್ಲ. ಅದು ನನಗೂ ಗೊತ್ತಿತ್ತು — ಬಹುಶಃ ಅದೇ...

ಪೆಟ್ರೋಲ್ ದುಬಾರಿಯಾದ ವರ್ಷ ನೀವು ಡೀಸೆಲ್ ಎಂಜಿನ್ ಹಾಕಿಸುತ್ತೇನೆ ಅಂದಿರಿ. ನಾನು ಪೆಟ್ರೋಲ್ ಎಂಜಿನ್ನಿನ ಮೇಲೆ ಕೈ ಪಳಗಿಸಿದವನು. ಭಟ್ಟರ ಹೋಟೆಲಿನಲ್ಲಿ ಎಲ್ಲರ ಎದುರಿಗೆ ಅಂದುಬಿಟ್ಟೆ: "ಡೀಸೆಲ್ ಅಂದ್ರ ಹಿಟ್ಟಿನ ಗಿರಣಿ ರೀ ಅಣ್ಣಾ. ಗಿರಣಿ ಮ್ಯಾಲ ಕುಂತು ವೇರೂಳಕ್ಕ ಹೋಗ್ತೀರೇನು?"

ಎಲ್ಲರೂ ನಕ್ಕರು. ನೀವೂ ನಕ್ಕಿರಿ. ಆಮೇಲೆ ಚಹಾದ ಬಟ್ಟಲು ಕೆಳಗಿಟ್ಟು, "ಮಲ್ಲೂ, ನಿನ್ನ ಪೆಟ್ರೋಲ್ ಗಾಡಿ ಮೊದಲ ಜಿಗೀತದ, ಆಮ್ಯಾಲ ಕುದೀತದ. ಡೀಸೆಲ್ ಸಾವಕಾಶ ವೇಗ ಹಿಡೀತದ, ಹಿಡಿದ ಮ್ಯಾಲ ಬಿಡಂಗಿಲ್ಲ. ಉದ್ದ ರಸ್ತಾಕ್ಕ ಅದೇ ಬೇಕು. ನಿನಗ ಬರಂಗಿಲ್ಲ ಅಂತ ಬೈಬ್ಯಾಡ," ಅಂದಿರಿ. ಈ ಸಲ ಜನ ನನ್ನನ್ನು ನೋಡಿ ನಕ್ಕರು. ನೀವು ಮರುದಿನಕ್ಕೇ ಮರೆತಿರಿ. ನಾನು ಮರೆಯಲಿಲ್ಲ.

ಆದರೂ ಎಂಜಿನ್ ತಂದದ್ದು ನನ್ನ ಹತ್ತಿರವೇ. ಕೂರಿಸುವ ಕೆಲಸ ಪ್ರಾಮಾಣಿಕವಾಗಿಯೇ ಮಾಡಿದೆ, ಅದು ಸುಳ್ಳಲ್ಲ. ಪರೀಕ್ಷೆಗೆಂದು ಒಬ್ಬನೇ ಯೇವಲೆ ರಸ್ತೆಗೆ ಒಯ್ದೆ. ಮೊದಮೊದಲು ಕನ್ನಡಿ ಗಡಗಡ ನಡುಗಿತು, ಗಾಡಿ ಎದ್ದು ಹೊರಡಲು ಸೋಮಾರಿತನ ಮಾಡಿತು — ಒಳಗೊಳಗೇ ಖುಷಿಪಟ್ಟೆ. ನಿಫಾಡ ದಾಟಿ ನೇರ ರಸ್ತೆ ಸಿಕ್ಕ ಮೇಲೆ ಅದು ವೇಗ ಹಿಡಿಯಿತು. ಹಿಡಿದದ್ದನ್ನು ಬಿಡಲಿಲ್ಲ. ಏರಿನಲ್ಲಿ ಗೇರ್ ಇಳಿಸಬೇಕಾಗಲಿಲ್ಲ, ನೀರು ಕುದಿಯಲಿಲ್ಲ. ನಿಮ್ಮ ಮಾತೇ ನಿಜವಾಗಿತ್ತು. ಒಂದು ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದೆ.

"ಪೆಡಲ್ ಅರ್ಧಕ್ಕೇ ನಿಲ್ತದಲ್ಲೋ?" ಎಂದು ಗಾಡಿ ಒಯ್ಯಲು ಬಂದ ದಿನ ನೀವು ಕೇಳಿದಿರಿ.

"ಡೀಸೆಲ್ ಅಂದ್ರ ಇಷ್ಟೇ ರೀ ಅಣ್ಣಾ. ನಾ ಮೊದಲೇ ಹೇಳಿದ್ದೆ."

ಈ ಒಂದು ಮಾತು — ಇದನ್ನೇ ನೀವು ನಂಬಿದಿರಿ.

ಎತ್ತಿನ ಗಾಡಿಗಳನ್ನು ಬಿಟ್ಟರೆ ನೀವು ಇನ್ನು ಯಾರನ್ನೂ ಹಿಂದೆ ಹಾಕಲಿಲ್ಲ. ಸರ್ಕಾರಿ ಎಸ್ಟಿ ಬಸ್ಸಿನ ಕಂಡಕ್ಟರುಗಳು ಕಿಟಕಿಯಿಂದ ಕೈ ಬೀಸಿ ಅಣಕಿಸುತ್ತಿದ್ದರಂತೆ. ವೇರೂಳದ ಗುಡಿಗೆ ಹೋಗುವ ಯಾತ್ರಿಕರನ್ನು ನಿಮಗೆ ಗೊತ್ತುಮಾಡಿಕೊಡುತ್ತಿದ್ದವರು ಭಟ್ಟರೇ. ಒಂದು ಕುಟುಂಬಕ್ಕೆ ವಾಪಸಿನ ರೈಲು ತಪ್ಪಿದ ಮೇಲೆ ಅವರು, "ನಿಮ್ಮ ಗಾಡಿ ಕಟ್ಟಿಕೊಂಡು ಆಗುದಿಲ್ಲ ಮಾರಾಯ್ರೆ" ಅಂದುಬಿಟ್ಟರು. ನಾನು ಪಕ್ಕದ ಮೇಜಿನಲ್ಲೇ ಇದ್ದೆ. ಇಡ್ಲಿ ತಿನ್ನುತ್ತಿದ್ದೆ. ಇನ್ನೊಂದು ಪ್ಲೇಟ್ ತರಿಸಿಕೊಂಡೆ.

ಔರಂಗಾಬಾದಿನ ಗ್ಯಾರೇಜ್ ಮಿಸ್ತ್ರಿಯೊಬ್ಬ ಮುದ್ರೆ ಒಡೆದು ನೋಡೋಣ ಅಂದನಂತೆ. ಒಬ್ಬನ ಮುದ್ರೆಯನ್ನು ಗಾಡಿಯ ಧಣಿ ಹೂಂ ಅನ್ನದೆ ಇನ್ನೊಬ್ಬ ಒಡೆಯಬಾರದು, ಅದು ನಮ್ಮ ಕಸುಬಿನ ಮರ್ಯಾದೆ. ನೀವು ಹೂಂ ಅಂದಿದ್ದರೆ ಅರ್ಧ ಗಂಟೆಯಲ್ಲಿ ನನ್ನ ಬಣ್ಣ ಬಯಲಾಗುತ್ತಿತ್ತು. ನೀವು ಅವನ ಕೈ ಹಿಡಿದು, "ಬ್ಯಾಡಪ್ಪ, ನಮ್ಮ ಮಲ್ಲೂನ ಸೀಲ್ ಅದ. ಒಡದ್ರ ಅವನ ಮ್ಯಾಲ ಸಂಶಯ ಪಟ್ಟಂಗಾಗ್ತದ" ಅಂದಿರಂತೆ. ಆ ಮಿಸ್ತ್ರಿಯೇ ಬಂದು ನನಗೆ ಹೇಳಿದ. ಕೇಳಿ ನನಗೆ ನಾಚಿಕೆಯಾಯಿತು ಎಂದು ಬರೆಯಬಹುದಿತ್ತು. ಆಗಲಿಲ್ಲ. ನಕ್ಕೆ. ನಟ್ಟು ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕೆ.

ನೀವು ಗಾಡಿ ಮಾರಿದಿರಿ. ಕೊಂಡ ವೈಜಾಪುರದ ವ್ಯಾಪಾರಿ ಅದನ್ನು ನನ್ನ ಹತ್ತಿರವೇ ತಂದ. ನನ್ನ ಮುದ್ರೆ ನಾನೇ ಒಡೆದೆ, ಸ್ಕ್ರೂ ಹಿಂದಕ್ಕೆ ತಿರುಗಿಸಿದೆ, ಹೊಸ ಮುದ್ರೆ ಒತ್ತಿದೆ. ಗಾಡಿ ಹಾರಿತು. ಸತ್ತ ಎಂಜಿನ್ನಿಗೆ ಜೀವ ಕೊಟ್ಟ ಎಂದು ಊರೆಲ್ಲ ಹೊಗಳಿತು. ಡೀಸೆಲ್ ಹಾಕಿಸುವವರು ಸಾಲುಗಟ್ಟಿದರು. ಗಿರಣಿ ಎಂದು ಬೈದವನು ಡೀಸೆಲ್ ಮಲ್ಲಪ್ಪನಾದೆ, ಗ್ಯಾರೇಜಿನ ಹಲಗೆಯ ಮೇಲೂ ಅದೇ ಹೆಸರು ಬರೆಸಿದೆ.

ಎರಡು ವರ್ಷದ ಮೇಲೆ, ಹೆಂಡತಿಗೆ ಸೀರೆ ತರಲು ಪೈಠಣಕ್ಕೆ ಹೋದಾಗ ನಿಮ್ಮನ್ನು ಕಂಡೆ. ಅಣೆಕಟ್ಟಿನ ಕೆಲಸದಲ್ಲಿ ರೋಡ್ ರೋಲರ್ ಓಡಿಸುತ್ತಿದ್ದಿರಿ. ಅಲ್ಲೇ ಹಿಂದಕ್ಕೆ, ಅಲ್ಲೇ ಮುಂದಕ್ಕೆ. ನನ್ನನ್ನು ನೋಡಿ ಇಳಿದು ಓಡಿಬಂದಿರಿ. "ಈಗ ನನಗ ತಕ್ಕ ಗಾಡಿ ಸಿಕ್ಕದ ನೋಡು," ಎಂದು ನಕ್ಕು, ಜೊತೆಯವರನ್ನು ಕರೆದು ನನ್ನ ಹೆಗಲ ಮೇಲೆ ಕೈ ಹಾಕಿ ಹೇಳಿದಿರಿ: "ಇಂವ ಡೀಸೆಲ್ ಬ್ಯಾಡ ಅಂತ ಮೊದಲೇ ಹೇಳಿದ್ದ. ನಾನೇ ಸೊಕ್ಕಿನಾಗ ಕೇಳಲಿಲ್ಲ. ತಪ್ಪಾತು ಮಲ್ಲೂ."

ಆಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ.

"ಇರ್ಲಿ ಬಿಡ್ರಿ ಅಣ್ಣಾ," ಅಂದೆ. ನಿಮ್ಮನ್ನು ಕ್ಷಮಿಸಿದೆ.

ಒಡೆದ ಆ ಹಳೆಯ ಮುದ್ರೆ ಇಷ್ಟು ವರ್ಷ ನನ್ನ ಡಬ್ಬಿಯಲ್ಲಿತ್ತು. ಈ ಕಾಗದದ ಜೊತೆ ಇಟ್ಟಿದ್ದೇನೆ. ಅದರ ಮೇಲಿರುವುದು ನನ್ನದೇ ಗುರುತು, ಯಾರಿಗೆ ಬೇಕಾದರೂ ತೋರಿಸಿ. ನಿಮ್ಮದೇ ತಪ್ಪು ಎಂದು ಯಾರ್ಯಾರ ಮುಂದೆ ಹೇಳಿಕೊಂಡಿದ್ದೀರೋ, ಅವರ ಮುಂದೆಲ್ಲ ಓದಿಸಿ. ಕ್ಷಮಿಸಿ ಎಂದು ಕೇಳುವುದಿಲ್ಲ. ಆ ದಿನ ನೀವು ನನಗೆ ಚಹಾ ತರಿಸಿದಿರಿ, ಬಿಸಿಲಿನಲ್ಲಿ ಬಂದಿದ್ದೇನೆಂದು ರೋಲರಿನ ನೆರಳಲ್ಲಿ ಕೂರಿಸಿದಿರಿ. ನಾನು ಪೂರ್ತಿ ಕುಡಿದೇ ಎದ್ದೆ.